ಲಾವೋತ್ಸುವಿನ ಜ್ಞಾನವಿಮರ್ಶೆ: ಬಿದಿರು ಮತ್ತು ರೇಷ್ಮೆ ಪ್ರತಿಗಳ ಸಾಕ್ಷ್ಯ

ತಾವೋ ಪಂಥ ಜ್ಞಾನವನ್ನು ಅಲ್ಲಗಳೆಯುತ್ತದೆ ಎಂಬ ಅಭಿಪ್ರಾಯಕ್ಕೆ ‘ತಾವೋ ತೆ ಚಿಂಗ್’ ಕೃತಿಯ 19ನೆಯ ಅಧ್ಯಾಯವೇ ಮುಖ್ಯ ಆಧಾರ. ಮಹಾಪುರುಷರ ಆದರ್ಶ, ಜ್ಞಾನ, ಕರುಣೆ, ಧರ್ಮನಿಷ್ಠೆ ಇವೆಲ್ಲವನ್ನೂ ತೊರೆಯಬೇಕೆಂದು ಪ್ರಚಲಿತ ಪಾಠ ಹೇಳುತ್ತದೆ. ಕನ್‌ಫ್ಯೂಷಿಯಸ್‌ನ ಅನುಯಾಯಿಗಳು ಎತ್ತಿಹಿಡಿದ ಮೌಲ್ಯಗಳೇ ಇವು. ಈ ಕಟು ನಿಲುವು ಮೊದಲಿನಿಂದಲೂ ಇತ್ತೇ ಅಥವಾ ಕಾಲಕ್ರಮದಲ್ಲಿ ಹರಿತಗೊಂಡಿತೇ ಎಂಬುದು ಈ ಲೇಖನದ ಪ್ರಶ್ನೆ.

ಕ್ರಿ.ಪೂ. 100ರ ಸುಮಾರಿಗೆ ಬರೆದ ಇತಿಹಾಸಕಾರ ಸಿಮಾ ಚಿಯೆನ್, ಲಾವೋತ್ಸು ಜೌ ಅರಸರ ಗ್ರಂಥಭಂಡಾರದ ಅಧಿಕಾರಿಯಾಗಿದ್ದನೆಂದೂ ಗಡಿಯ ಕಣಿವೆಯ ಕಾವಲುಗಾರನ ಕೋರಿಕೆಯಂತೆ ಸುಮಾರು 5,000 ಅಕ್ಷರಗಳ ಈ ಗ್ರಂಥವನ್ನು ರಚಿಸಿದನೆಂದೂ ತಿಳಿಸುತ್ತಾನೆ. ಆದರೆ ಲಾವೋತ್ಸು ಯಾರೆಂಬ ಬಗ್ಗೆ ಬೇರೆ ಹೇಳಿಕೆಗಳನ್ನೂ ದಾಖಲಿಸಿ, ವಿಷಯವನ್ನು ಇತ್ಯರ್ಥ ಮಾಡದೆ ಬಿಡುತ್ತಾನೆ. ಹಾಗಾಗಿ ಕರ್ತೃವಿಗಿಂತ ಹಸ್ತಪ್ರತಿಗಳೇ ಇಲ್ಲಿ ದೃಢವಾದ ನೆಲೆ.

1973ರಲ್ಲಿ ಹುನಾನ್ ಪ್ರಾಂತದ ಮಾವಾಂಗ್‌ದುಯಿಯಲ್ಲಿ, ಕ್ರಿ.ಪೂ. 168ರಲ್ಲಿ ಮುಚ್ಚಿದ ಗೋರಿಯೊಂದರಿಂದ ಈ ಕೃತಿಯ ಎರಡು ರೇಷ್ಮೆ ಪ್ರತಿಗಳು ಹೊರಬಂದವು. ಪ್ರಚಲಿತ ಕ್ರಮಕ್ಕೆ ವಿರುದ್ಧವಾಗಿ, ಎರಡರಲ್ಲೂ ‘ತೆ’ ಭಾಗ ಮೊದಲು, ‘ತಾವೋ’ ಭಾಗ ಆಮೇಲೆ. 19ನೆಯ ಅಧ್ಯಾಯದ ಕಟು ಮಾತು ಮಾತ್ರ ಎರಡರಲ್ಲೂ ಇದೆ.

1993ರಲ್ಲಿ ಹೂಬೆ ಪ್ರಾಂತದ ಗುವೊದಿಯನ್‌ನಲ್ಲಿ ಸಿಕ್ಕ ಪ್ರತಿ ಇನ್ನೂ ಹಳೆಯದು, ಸುಮಾರು ಕ್ರಿ.ಪೂ. 300ರದು. ಬಿದಿರ ಪಟ್ಟಿಗಳ ಮೂರು ಕಟ್ಟುಗಳಲ್ಲಿ ಈಗಿನ ಕೃತಿಯ ಸುಮಾರು ಐದನೆಯ ಎರಡು ಭಾಗದಷ್ಟು ಪಾಠವಿದೆ. 19ನೆಯ ಅಧ್ಯಾಯ ಇಲ್ಲಿಯೂ ಇದೆ, ಆದರೆ ಕರುಣೆ ಮತ್ತು ಧರ್ಮನಿಷ್ಠೆಯ ಖಂಡನೆಯಿಲ್ಲ. ತೊರೆಯಬೇಕಾದವುಗಳ ಪಟ್ಟಿಯಲ್ಲಿರುವುದು ಜಾಣತನ, ವಾಗ್ವಾದ, ಕೃತಕತೆಯಂಥವು. ಅದೇ ಗೋರಿಯಲ್ಲಿ ಕನ್‌ಫ್ಯೂಷಿಯಸ್ ಪರಂಪರೆಯ ಗ್ರಂಥಗಳೂ ದೊರೆತಿವೆ.

ಹಾಗಾಗಿ ಗುವೊದಿಯನ್ ಪ್ರತಿಯ ಸಂಕಲನಕಾರನೇ ಕಟು ಮಾತನ್ನು ಮೃದುಗೊಳಿಸಿರಬಹುದೆಂಬ ವಾದಕ್ಕೆ ಆಸ್ಪದವಿದೆ. ಆದರೂ ಕ್ರಿ.ಪೂ. 300ರ ಸುಮಾರಿಗೆ ಸೌಮ್ಯ ಪಾಠವೊಂದು ಬಳಕೆಯಲ್ಲಿತ್ತು ಎಂಬುದು ನಿರ್ವಿವಾದ. ಮಾವಾಂಗ್‌ದುಯಿ ಪ್ರತಿಗಳ ಕಾಲಕ್ಕೆ ಕಟು ಪಾಠವೂ ಇತ್ತು.

ಈ ತಿರುವಿಗೆ ಕಾರಣವನ್ನು ತಾವೋ ಪಂಥದ ಇನ್ನೊಂದು ಗ್ರಂಥವಾದ ‘ಜುವಾಂಗ್‌ತ್ಸು’ ಕೃತಿಯ 10ನೆಯ ಅಧ್ಯಾಯ ಸೂಚಿಸುತ್ತದೆ. ಜನ ಪೆಟ್ಟಿಗೆಗೆ ಹಗ್ಗ ಬಿಗಿದು ಬೀಗ ಹಾಕುವುದು ಸಣ್ಣ ಕಳ್ಳರ ಭಯದಿಂದ. ದೊಡ್ಡ ಕಳ್ಳ ಪೆಟ್ಟಿಗೆಯನ್ನೇ ಹೊತ್ತೊಯ್ಯುತ್ತಾನೆ. ಹಗ್ಗ ಸಡಿಲವಾಗಿದ್ದೀತೆಂಬುದೊಂದೇ ಅವನ ಚಿಂತೆ. ಚಿ ರಾಜ್ಯದ ಪ್ರಭುವನ್ನು ಕೊಂದು ಅಧಿಕಾರ ಹಿಡಿದ ತಿಯೆನ್ ಮನೆತನದ ಮುಖ್ಯಸ್ಥ, ರಾಜ್ಯದ ಜೊತೆಗೆ ಮಹಾಪುರುಷರು ರೂಪಿಸಿದ ಶಾಸನಗಳನ್ನೂ ಕದ್ದನೆಂದು ಈ ಅಧ್ಯಾಯ ವಾದಿಸುತ್ತದೆ. 19ನೆಯ ಅಧ್ಯಾಯದ ಕಟು ಮಾತು ಕಾಣಿಸಿಕೊಳ್ಳುವುದೂ ಇಲ್ಲೇ. ಖಂಡನೆಗೆ ಗುರಿಯಾದದ್ದು ತಿಳಿವಳಿಕೆಯಲ್ಲ, ಪ್ರಭುತ್ವದ ಕೈಗೆ ಸಿಕ್ಕ ಜ್ಞಾನ.

ತಾವೋ ಚಿಂತಕರು ಮೆಚ್ಚುವ ಅರಿವು ಯಾವುದೆಂಬುದಕ್ಕೆ ಅದೇ ಕೃತಿಯ 3ನೆಯ ಅಧ್ಯಾಯದ ಅಡುಗೆಯವ ತಿಂಗ್‌ನ ಪ್ರಸಂಗ ಸಾಕ್ಷಿ. 19 ವರ್ಷಗಳಲ್ಲಿ ಸಾವಿರಾರು ಎತ್ತುಗಳನ್ನು ಕಡಿದರೂ ಅವನ ಕತ್ತಿ ಆಗತಾನೇ ಸಾಣೆ ಹಿಡಿದಂತಿರುತ್ತದೆ. ಎಲುಬಿನ ಕೀಲುಗಳ ನಡುವಿನ ಸಂದನ್ನು ಅವನು ಬಲ್ಲ. ಕಷ್ಟದ ಗಂಟು ಎದುರಾದಾಗ ಕೈಯನ್ನು ನಿಧಾನಿಸುತ್ತಾನೆ. ಇದು ಅಭ್ಯಾಸದಿಂದ ಪಳಗಿದ, ವಸ್ತುವಿನ ಸ್ವಭಾವಕ್ಕೆ ಮಣಿಯುವ ಅರಿವು.

ಮುಂದಿನ ಶತಮಾನಗಳು ಕಟು ಪಾಠವನ್ನೇ ಉಳಿಸಿಕೊಂಡವು. 23ನೆಯ ವಯಸ್ಸಿನಲ್ಲಿ, 249ರಲ್ಲಿ ತೀರಿಕೊಂಡ ವಾಂಗ್ ಪಿ ಬರೆದ ವ್ಯಾಖ್ಯಾನದ ಜೊತೆ ಬಂದ ಪಾಠವೇ ವಿದ್ವಾಂಸರಲ್ಲಿ ಪ್ರಮಾಣವಾಯಿತು. ಲೀ ಎಂಬ ಕುಲನಾಮ ಲಾವೋತ್ಸುವಿನದೂ ಆಗಿದ್ದರಿಂದ ತಾಂಗ್ ಅರಸರು ಅವನನ್ನು ತಮ್ಮ ಮೂಲಪುರುಷನೆಂದು ಸಾರಿದರು. 647ರಲ್ಲಿ, ಕಾಮರೂಪದ ಅರಸನ ಅಪೇಕ್ಷೆಯ ಮೇರೆಗೆ, ಕೃತಿಯನ್ನು ಸಂಸ್ಕೃತಕ್ಕೆ ತರುವ ಹೊಣೆ ಭಾರತಯಾತ್ರೆ ಮುಗಿಸಿ ಬಂದಿದ್ದ ಹ್ಯೂಯೆನ್ ತ್ಸಾಂಗನ ಪಾಲಿಗೆ ಬಂತೆಂದು ಚೀನೀ ಬೌದ್ಧ ದಾಖಲೆಗಳು ಹೇಳುತ್ತವೆ. ಆ ಅನುವಾದ ಉಳಿದುಬಂದಿಲ್ಲ. ಅಧಿಕಾರವನ್ನು ಅನುಮಾನಿಸಿದ ಗ್ರಂಥ ಹೀಗೆ ಅರಮನೆಯ ಗೌರವಕ್ಕೆ ಪಾತ್ರವಾಯಿತು.

ಆದ್ದರಿಂದ ತಾವೋ ಪಂಥವನ್ನು ಸಾರಾಸಗಟಾಗಿ ಜ್ಞಾನವಿರೋಧಿ ಎನ್ನುವುದು ಗುವೊದಿಯನ್ ಪ್ರತಿ ದೊರೆತ ಮೇಲೆ ಸಲ್ಲದು. 19ನೆಯ ಅಧ್ಯಾಯದ ಪ್ರಚಲಿತ ಪಾಠವನ್ನು ಕದನರಾಜ್ಯಗಳ ಯುಗದ ರಾಜಕೀಯ ವಾಗ್ವಾದದ ಕುರುಹಾಗಿ ಓದಬೇಕು. ಆಗ ಆ ಖಂಡನೆಗೂ ತಿಂಗ್‌ನ ಪಳಗಿದ ಕೈಗೂ ವಿರೋಧ ಉಳಿಯುವುದಿಲ್ಲ.