ಈರಿ ಸರೋವರ: ಸೋಪಿನ ಪುಡಿಯಿಂದ ಜೋಳದ ಹೊಲದವರೆಗೆ

ಇವತ್ತಿನ ಕಥೆ 2014ರ ಆಗಸ್ಟ್ 2ರಿಂದ ಶುರು ಮಾಡೋಣ. ಅಮೆರಿಕದ ಒಹಾಯೊ ರಾಜ್ಯದ ಟೊಲೆಡೊ ನಗರ. ನಲ್ಲಿ ನೀರು ಕುಡೀಬೇಡಿ, ಕುದಿಸಿಯೂ ಕುಡೀಬೇಡಿ ಅಂತ ಆಡಳಿತದ ಸೂಚನೆ ಬಂತು. ಕುದಿಸಿದರೆ ಈ ವಿಷ ಹೋಗಲ್ಲ, ನೀರು ಇಂಗಿ ಇನ್ನೂ ಗಟ್ಟಿಯಾಗುತ್ತೆ. ಸುಮಾರು ನಾಲ್ಕು ಲಕ್ಷ ಜನ ಬಾಟಲಿ ನೀರಿಗೆ ಕ್ಯೂ ನಿಂತರು. ಪಕ್ಕದಲ್ಲೇ ಈರಿ ಸರೋವರ, 25,000 ಚದರ ಕಿಲೋಮೀಟರಿಗೂ ದೊಡ್ಡದು! ಆದರೆ ಅದರ ಪಶ್ಚಿಮ ಭಾಗದ ತುಂಬಾ ಹಸಿರು ಪಾಚಿ, ಆ ಪಾಚಿಯಿಂದ ಮೈಕ್ರೋಸಿಸ್ಟಿನ್ ಅನ್ನೋ ವಿಷ.

ವಿಚಿತ್ರ ಏನಂದ್ರೆ, ಈ ಸರೋವರ ಒಮ್ಮೆ ವಾಸಿಯಾಗಿತ್ತು.

1960ರ ದಶಕದಲ್ಲಿ ಪತ್ರಿಕೆಗಳು 'ಈರಿ ಸತ್ತಿದೆ' ಅಂತಲೇ ಬರೆದಿದ್ದವು. ಊರುಗಳ ಚರಂಡಿ ನೀರು, ಬಟ್ಟೆ ಒಗೆಯೋ ಪುಡಿ, ಎರಡರಲ್ಲೂ ರಂಜಕ, ಅಂದರೆ ಫಾಸ್ಫರಸ್. ಅದು ಪಾಚಿಗೆ ಗೊಬ್ಬರ. ಪಾಚಿ ಸತ್ತು ತಳಕ್ಕಿಳಿದು ಕೊಳೆತರೆ ಆಮ್ಲಜನಕ ಖಾಲಿ. ಸೋಪಿನ ಕಂಪನಿಗಳ ಕಡೆಯವರು ತಪ್ಪು ರಂಜಕದ್ದಲ್ಲ, ಇಂಗಾಲದ್ದು ಅಂತ ವಾದ ಹೂಡಿದರು. ಆಗ ಕೆನಡಾದ ವಿಜ್ಞಾನಿ ಡೇವಿಡ್ ಶಿಂಡ್ಲರ್ ತಂಡ 1973ರಲ್ಲಿ '226' ಅನ್ನೋ ಪುಟ್ಟ ಕೆರೆಗೆ ನಡುವೆ ಪರದೆ ಕಟ್ಟಿತು. ಎರಡೂ ಕಡೆ ಇಂಗಾಲ, ಸಾರಜನಕ. ಒಂದು ಕಡೆ ಮಾತ್ರ ರಂಜಕ. ಆ ಕಡೆಯಷ್ಟೇ ಹಸಿರಾಯ್ತು. ವಿಮಾನದಿಂದ ತೆಗೆದ ಆ ಒಂದು ಫೋಟೊ ನೂರು ವರದಿಗಳಿಗಿಂತ ಹೆಚ್ಚು ಕೆಲಸ ಮಾಡಿತು ಅಂತ ನನಗನ್ನಿಸುತ್ತೆ.

ಅಷ್ಟರಲ್ಲಾಗಲೇ, 1972ರಲ್ಲಿ, ಅಮೆರಿಕ-ಕೆನಡಾ ಒಪ್ಪಂದ ಆಗಿತ್ತು. ಮುಂದೆ ಈರಿಗೆ ವರ್ಷಕ್ಕೆ 11,000 ಟನ್ ರಂಜಕದ ಮಿತಿ ಗೊತ್ತಾಯ್ತು. ಚರಂಡಿ ನೀರಿನ ಶುದ್ಧೀಕರಣಕ್ಕೆ ಕೋಟಿಗಟ್ಟಲೆ ಡಾಲರ್ ಸುರಿದರು, ಸೋಪಿನ ಪುಡಿಯಲ್ಲಿ ರಂಜಕ ಇಳಿಸಿದರು. 1980ರ ದಶಕದಲ್ಲಿ ಗುರಿ ಮುಟ್ಟಿತು. 1950ರ ದಶಕದಲ್ಲಿ ಕಾಣೆಯಾಗಿದ್ದ ಮೇಫ್ಲೈ ಹುಳುಗಳು 1990ರ ದಶಕದಲ್ಲಿ ವಾಪಸ್ ಬಂದವು.

ಆಮೇಲೆ? ನಾನು ಕಾಮರ್ಸ್ ಓದಿದವನು, ಒಟ್ಟು ಮೊತ್ತ ಸರಿಯಿದೆ ಅಂದಾಕ್ಷಣ ಲೆಕ್ಕ ಸರಿಯಿದೆ ಅಂತ ನಂಬಲ್ಲ. ಇಲ್ಲೂ ಹಾಗೇ. ಒಟ್ಟು ರಂಜಕ ಅಷ್ಟೇನೂ ಏರಲಿಲ್ಲ. ಆದರೆ 1990ರ ದಶಕದ ಮಧ್ಯದಿಂದ ಮಾಮಿ ನದಿಯಲ್ಲಿ ನೀರಲ್ಲಿ ಕರಗಿದ ರಂಜಕ ಏರಿತು. ಮಣ್ಣಿಗೆ ಅಂಟಿದ್ದರಲ್ಲಿ ಪಾಚಿಗೆ ದಕ್ಕೋದು ಸ್ವಲ್ಪ, ಕರಗಿದ್ದು ಹೆಚ್ಚುಕಮ್ಮಿ ಪೂರ್ತಿ ದಕ್ಕುತ್ತೆ. ಇದು ಜೋಳ, ಸೋಯಾ ಹೊಲಗಳಿಂದ ಬರೋದು. ಮಣ್ಣು ಕೊಚ್ಚಿಹೋಗದಿರಲಿ ಅಂತ ರೈತರು ಉಳುಮೆ ಬಿಟ್ಟಿದ್ದರು. ಹಾಗಾಗಿ ಗೊಬ್ಬರ ಮೇಲ್ಪದರದಲ್ಲೇ ಉಳೀತು. ಹೊಲದಡಿಯ ಕೊಳವೆಗಳು, ವಸಂತದ ಜೋರು ಮಳೆ ಅದನ್ನು ನದಿಗೆ ಸಾಗಿಸಿದವು. ಒಳ್ಳೇದು ಮಾಡಲು ಹೋದವರನ್ನೇ ಬೈಯೋದು ಕಷ್ಟ.

ಕಾರ್ಖಾನೆ ಕೊಳವೆಗೆ ಕಾನೂನಿನಡಿ ಪರವಾನಗಿ ಬೇಕು, ಹೊಲದಿಂದ ಹರಿಯೋ ಮಳೆ ನೀರಿಗೆ ಬೇಡ. 2016ರಲ್ಲಿ ಎರಡೂ ದೇಶ 2008ರ ಮಟ್ಟಕ್ಕಿಂತ 40% ಇಳಿಸೋ ಗುರಿ ಹಾಕಿಕೊಂಡವು. ರೈತರ ಪಾಲಿನದು ಬಹುತೇಕ ಸ್ವಇಚ್ಛೆ. ಬೇಸತ್ತ ಟೊಲೆಡೊ ಮತದಾರರು 2019ರಲ್ಲಿ ಸರೋವರಕ್ಕೇ ಹಕ್ಕು ಕೊಡೋ ಕಾನೂನು ಪಾಸು ಮಾಡಿದರು. ಮರುದಿನವೇ ಒಂದು ರೈತ ಕುಟುಂಬದ ಫಾರ್ಮ್ ಕೋರ್ಟಿಗೆ ಹೋಯಿತು. 2020ರಲ್ಲಿ ಫೆಡರಲ್ ನ್ಯಾಯಾಲಯ ಆ ಕಾನೂನನ್ನು ರದ್ದು ಮಾಡಿತು.