ನಡುಗಡಲಿನಲ್ಲಿ ಗ್ಯಾರೇಜು ಎಲ್ಲಿದೆ?

ಮಲ್ಪೆ ಬಂದರಿನಲ್ಲಿ ಸಾಲುಗಟ್ಟಿ ನಿಂತ ಬೋಟುಗಳನ್ನು ನೋಡಿದವರಿಗೆ ಮೊದಲು ಕಣ್ಣಿಗೆ ಬೀಳುವುದು ಅವುಗಳ ಮಗ್ಗುಲಲ್ಲಿ ತೂಗುವ ಹಳೆಯ ಲಾರಿ ಟಯರುಗಳು. ಬೋಟಿಗೆ ಬೋಟು ತಾಗಿ ಹಲಗೆ ಸೀಳದಿರಲಿ ಎಂದು ಕಟ್ಟಿದ್ದು. ರಸ್ತೆಯಲ್ಲಿ ಸವೆದು ಮುಗಿದ ಟಯರಿಗೆ ಕಡಲಿನಲ್ಲಿ ಇನ್ನೊಂದು ಆಯುಸ್ಸು!

ಲಾರಿಯಿಂದ ಬೋಟಿಗೆ ಬಂದದ್ದು ಟಯರು ಮಾತ್ರವಲ್ಲ. ಅನೇಕ ಬೋಟುಗಳ ಹೊಟ್ಟೆಯಲ್ಲಿರುವ ಡೀಸೆಲ್ ಎಂಜಿನು ಲಾರಿ ಎಂಜಿನಿನ ದಾಯಾದಿಯೇ. ಸಮುದ್ರದ ನೀರಿನಿಂದ ತಂಪಾಗುವಂತೆ ಅದನ್ನು ಮಾರ್ಪಡಿಸಿರುತ್ತಾರೆ, ಅಷ್ಟೆ. ಎಂಜಿನಿನ ಜೊತೆಗೆ ಹೆದ್ದಾರಿಯ ಮೆಕ್ಯಾನಿಕ್‌ಗಳ ಕೈಚಳಕವೂ ಕಡಲಿಗಿಳಿಯಿತು. ಆಳಸಮುದ್ರಕ್ಕೆ ಹೋದ ಬೋಟು ವಾರ, ಹತ್ತು ದಿನ ದಡ ಕಾಣುವುದಿಲ್ಲ. ಅಲ್ಲಿ ಎಂಜಿನು ಕೆಟ್ಟರೆ ಬಿಡಿಭಾಗದ ಅಂಗಡಿ ಎಲ್ಲಿಂದ ಬರಬೇಕು? ಬೋಟಿನಲ್ಲಿ ಇದ್ದದ್ದೇ ಬಿಡಿಭಾಗ.

ಡೀಸೆಲ್ ಟ್ಯಾಂಕಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೆ ಲಾರಿ ಚಾಲಕ ಬಟ್ಟೆ ಒಗೆಯುವ ಸಾಬೂನನ್ನು ನಾದಿ ಅಲ್ಲಿಗೆ ಒತ್ತುತ್ತಾನೆ. ಬೋಟಿಗೂ ಅದೇ ಚಿಕಿತ್ಸೆ ಒಗ್ಗುತ್ತದೆ. ಸಾಬೂನು ನೀರಿನಲ್ಲಿ ಕರಗುತ್ತದೆ, ಡೀಸೆಲ್‌ನಲ್ಲಿ ಕರಗುವುದಿಲ್ಲ, ಗುಟ್ಟು ಇಷ್ಟೇ. ಅದೇ ಕಾರಣಕ್ಕೆ ಎಂಜಿನಿಗೆ ತಂಪು ನೀರು ಹರಿಸುವ ಕೊಳವೆ ಒಡೆದಾಗ ಸಾಬೂನು ಕೆಲಸಕ್ಕೆ ಬಾರದು. ಅಲ್ಲಿ ಬೇಕಾದದ್ದು ಹಳೆಯ ಸೈಕಲ್ ಟ್ಯೂಬು. ಅದನ್ನು ಉದ್ದಕ್ಕೆ ಸೀಳಿ, ಎಳೆದೆಳೆದು ಸುತ್ತಿದರೆ ರಬ್ಬರು ಮತ್ತೆ ಕುಗ್ಗಲು ಹವಣಿಸುತ್ತಾ ಒಡಕನ್ನು ಅದುಮಿ ಹಿಡಿಯುತ್ತದೆ. ಸಡಿಲವಾಗಿ ಹತ್ತು ಸುತ್ತು ಹಾಕಿದರೂ ವ್ಯರ್ಥ. ಡೀಸೆಲ್‌ನಲ್ಲಿ ಕಸ ಬಂದರೆ ಸೋಸಲು ಹಳೆ ಪಂಚೆಯ ತುಂಡು. ಖಾಲಿ ಎಣ್ಣೆ ಕ್ಯಾನು ಬಲೆಯ ಗುರುತಿಗೆ. ಹರಿದ ಹವಾಯಿ ಚಪ್ಪಲಿಯ ಅಟ್ಟೆಯೂ ಸುಮ್ಮನೆ ಹೋಗುವುದಿಲ್ಲ; ದುಂಡಗೆ ಕತ್ತರಿಸಿದರೆ ಸಣ್ಣ ಬಲೆಗೆ ತೇಲು.

ಎಂಜಿನು ಬರುವ ಮೊದಲು ಈ ಗ್ಯಾರೇಜಿನ ಜಾಗದಲ್ಲಿ ತೆಂಗಿನ ತೋಟವಿತ್ತು. ಪಶ್ಚಿಮ ಕರಾವಳಿಯ ಹಳೆಯ ನೌಕೆಗಳಿಗೆ ಕಬ್ಬಿಣದ ಮೊಳೆಯೇ ಇರುತ್ತಿರಲಿಲ್ಲ. ಹಲಗೆಯ ಅಂಚುಗಳಿಗೆ ತೂತು ಕೊರೆದು, ತೆಂಗಿನ ನಾರಿನ ಹುರಿಯಿಂದ ಬಟ್ಟೆ ಹೊಲಿದಂತೆ ಹೊಲಿಯುತ್ತಿದ್ದರು. 13ನೇ ಶತಮಾನದ ಕೊನೆಯಲ್ಲಿ ಭಾರತಕ್ಕೆ ಬಂದ ಇಟಲಿಯ ಪಾದ್ರಿ ಮಾಂಟೆಕೊರ್ವಿನೊಗೆ ಇದು ಹಿಡಿಸಲಿಲ್ಲ. ದುರ್ಬಲ, ಒಡ್ಡೊಡ್ಡಾದ ಹಡಗುಗಳು, ಕಡಲಿಗಿಳಿಯಬೇಕಾದರೆ ವರ್ಷಕ್ಕೊಮ್ಮೆ ಹೊಲಿಗೆ ರಿಪೇರಿ ಮಾಡಬೇಕು ಎಂದು ಆತ ಬರೆದ. ಮುಂದೆ 1340ರ ದಶಕದಲ್ಲಿ ನಮ್ಮ ಬಾರಕೂರಿನ ಮೂಲಕವೇ ಹಾದುಹೋದ ಇಬ್ನ್ ಬತೂತ ಕಂಡದ್ದು ಇದರ ಇನ್ನೊಂದು ಮುಖ. ಬಂಡೆಗೆ ಬಡಿದಾಗ ಮೊಳೆ ಹೊಡೆದ ಹಡಗು ಒಡೆಯುತ್ತದೆ, ನಾರಿನಲ್ಲಿ ಹೊಲಿದದ್ದು ಬಾಗಿ ಉಳಿದುಕೊಳ್ಳುತ್ತದೆ ಎಂದು ಅವನ ವಿವರಣೆ. ಇಬ್ಬರಲ್ಲಿ ಬತೂತನ ಮಾತೇ ಹೆಚ್ಚು ತೂಕದ್ದು ಅನ್ನಿಸುತ್ತದೆ. ಪಾದ್ರಿ ಗೊಣಗಿದ ವಾರ್ಷಿಕ ರಿಪೇರಿಯಾದರೂ ಈಗ ತಪ್ಪಿದೆಯೇ? ಜೂನ್, ಜುಲೈ ತಿಂಗಳ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ ಬೋಟುಗಳನ್ನು ಮೇಲೆಳೆದು ಮಾಡುವುದು ಅದನ್ನೇ.

ಹೊಲಿದ ದೋಣಿಯ ದೊಡ್ಡ ಗುಣವೆಂದರೆ ಅದನ್ನು ಕಟ್ಟಿದ ಸಾಮಾನೇ ಅದರ ರಿಪೇರಿಯ ಸಾಮಾನು. ಹುರಿ ಕಡಿದರೆ ಇನ್ನೊಂದು ಹುರಿ. ಸಂದಿಗೆ ತುರುಕಲು ನಾರು ಅಥವಾ ಹತ್ತಿ, ಮೇಲೆ ಬಳಿಯಲು ಧೂಪದ ಮರದ ಅಂಟನ್ನು ಎಣ್ಣೆಯಲ್ಲಿ ಕರಗಿಸಿದ ಮೇಣ. ಘಟ್ಟದ ತಪ್ಪಲಿನ ಕಾಡಿನ ಮರ ಹೀಗೆ ಕಡಲಿನ ದೋಣಿಯನ್ನು ಕಾಯುತ್ತಿತ್ತು. ಹಲಗೆಗೆ ಹುಳ ಹಿಡಿಯದಂತೆ ಬೂತಾಯಿ ಮೀನಿನ ಎಣ್ಣೆ ಬಳಿಯುತ್ತಿದ್ದರು. ಮಂಗಳೂರಿನ ಕಡೆ ಗೇರುಬೀಜದ ಕಾರ್ಖಾನೆಗಳು ಎದ್ದ ಮೇಲೆ ಅವುಗಳ ಸಿಪ್ಪೆಯೆಣ್ಣೆಯಂಥದ್ದೂ ಈ ಕೆಲಸಕ್ಕೆ ಒದಗಿತು. ಊಟದ ರುಚಿಗೂ ದೋಣಿಯ ಆಯುಸ್ಸಿಗೂ ಒಂದೇ ಮೀನು!

1950ರ ದಶಕದ ಕೊನೆ, 60ರ ದಶಕದಲ್ಲಿ ನಮ್ಮ ಕರಾವಳಿಗೆ ಯಾಂತ್ರಿಕ ಬೋಟುಗಳು ಬಂದವು. 70ರ ದಶಕದ ನಡುವಿನಲ್ಲಿ ಪರ್ಸೀನ್ ಬಂತು. ಮರದ ಪಕ್ಕದಲ್ಲಿ ಉಕ್ಕು, ಫೈಬರ್ ಕಾಣಿಸಿಕೊಂಡವು. ಬೋಟು ದೂರ ಹೋಗತೊಡಗಿತು, ಕೈಗೆ ಸಿಗುವ ರಿಪೇರಿಯೂ ದೂರವಾಯಿತು. ಒದ್ದೆಯಾದಷ್ಟೂ ಹತ್ತಿ, ನಾರು ಉಬ್ಬಿ ಸಂದಿಯನ್ನು ಬಿಗಿ ಮಾಡುತ್ತವೆ. ಫೈಬರ್ ತೇಪೆಗೆ ಹಾಕುವ ರಾಳವಾದರೋ ಒಣಗಿದ ಮೈ ಕೇಳುತ್ತದೆ, ಒದ್ದೆಯಲ್ಲಿ ಸರಿಯಾಗಿ ಹಿಡಿಯುವುದಿಲ್ಲ. ಬಿರುಕು ಬಿಟ್ಟ ಫೈಬರ್ ದೋಣಿಗೆ ನಡುಗಡಲಿನಲ್ಲಿ ಗ್ರೀಸ್ ಮೆತ್ತಿದ ಚಿಂದಿಬಟ್ಟೆಯೇ ಗತಿ.

ಇದೆಲ್ಲ ನಡೆಯುವುದು ನೀರು ಒಳಗೆ ಬರುವ ವೇಗಕ್ಕಿಂತ ನಾವು ಹೊರಚೆಲ್ಲುವ ವೇಗ ಹೆಚ್ಚಿರುವ ತನಕ ಮಾತ್ರ. ಟ್ಯೂಬಿನ ಪಟ್ಟಿ, ಸಾಬೂನು ಗಳಿಸಿಕೊಡುವುದು ದಡ ಸೇರುವಷ್ಟು ಸಮಯವನ್ನು. ದಡ ಸೇರಿದ ಮೇಲೂ ಅದನ್ನೇ ನೆಚ್ಚಿ ಮತ್ತೆ ಹೊರಡುವುದು, ಖಾಲಿ ಕ್ಯಾನು ಇದೆಯಲ್ಲ ಎಂದು ಲೈಫ್ ಜಾಕೆಟ್ ಬಿಟ್ಟು ಹೋಗುವುದು ಜಾಣತನವಲ್ಲ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬೀಸಿದಾಗ ಕಾಪು ಕಡಲಾಚೆ ಮುಲ್ಕಿ ಬಂಡೆಗಳ ಬಳಿ ‘ಕೋರಮಂಡಲ್ ಸಪೋರ್ಟರ್ 9’ ಎಂಬ ಟಗ್ ಸಿಕ್ಕಿಕೊಂಡಿತು. ಎಂಜಿನು ಕೋಣೆಗೇ ನೀರು ನುಗ್ಗಿ ಯಂತ್ರಗಳೆಲ್ಲ ನಿಂತುಹೋಗಿದ್ದವು. ತುರುಕಲು, ಸುತ್ತಲು, ಮೆತ್ತಲು ಅಲ್ಲಿ ಏನೂ ಉಳಿದಿರಲಿಲ್ಲ. ಒಳಗಿದ್ದ 9 ಮಂದಿಯಲ್ಲಿ ನಾಲ್ವರನ್ನು ನೌಕಾಪಡೆಯ ಹೆಲಿಕಾಪ್ಟರ್ ಮೇಲೆತ್ತಿತು, ಐವರನ್ನು ಕರಾವಳಿ ಕಾವಲು ಪಡೆಯ ‘ವರಾಹ’ ಹಡಗಿನವರು ರಕ್ಷಿಸಿದರು. ಅಂದು ಮೇ 17.