ಮುಂಗಾರು, ಕಿರುನದಿಗಳು ಮತ್ತು ಕಡಲ ಪ್ಲಾಸ್ಟಿಕ್: ಕರ್ನಾಟಕ ಕರಾವಳಿಯನ್ನು ಕುರಿತ ಒಂದು ಅಧ್ಯಯನ

1. ಸಮಸ್ಯೆಯ ಪ್ರಮಾಣ

ಕಡಲಿನ ಪ್ಲಾಸ್ಟಿಕ್ಕಿನ ಬಹುಪಾಲು ನೆಲದ ಮೇಲೆ ಬಳಕೆಯಾಗಿ, ನೆಲದ ಮೇಲೆಯೇ ಕೈತಪ್ಪಿ ಹೋದದ್ದು. ಅಮೆರಿಕದ ಜೆನ್ನಾ ಜ್ಯಾಂಬೆಕ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಂದಾಜಿನಂತೆ, 192 ಕರಾವಳಿ ದೇಶಗಳಿಂದ 2010ರ ಒಂದೇ ವರ್ಷದಲ್ಲಿ 48 ಲಕ್ಷದಿಂದ 127 ಲಕ್ಷ ಟನ್ ಪ್ಲಾಸ್ಟಿಕ್ ಸಮುದ್ರ ಸೇರಿತ್ತು. ಇದರ ಹಿಂದಿನ ಲೆಕ್ಕ ಇನ್ನೂ ದೊಡ್ಡದು. ರೋಲ್ಯಾಂಡ್ ಗೇಯರ್ ಮೊದಲಾದವರ 2017ರ ಅಧ್ಯಯನದ ಪ್ರಕಾರ 1950ರಿಂದ 2015ರವರೆಗೆ ಜಗತ್ತು ತಯಾರಿಸಿದ ಪ್ಲಾಸ್ಟಿಕ್ ಸುಮಾರು 830 ಕೋಟಿ ಟನ್. ಅದರಲ್ಲಿ 630 ಕೋಟಿ ಟನ್ ಆಗಲೇ ಕಸವಾಗಿತ್ತು. ಆ ಕಸದಲ್ಲಿ ಮರುಬಳಕೆಯಾದದ್ದು ಶೇ. 9, ಸುಟ್ಟದ್ದು ಶೇ. 12. ಉಳಿದ ಶೇ. 79 ಕಸದ ಗುಂಡಿಯಲ್ಲೋ ಬಯಲಲ್ಲೋ ಬಿದ್ದಿತ್ತು.

ಕಡಲ ಮೇಲ್ಮೈಯಲ್ಲಿ ತೇಲುತ್ತಿರುವುದನ್ನು ಲೆಕ್ಕಹಾಕಿದರೆ ಬೇರೆಯೇ ಚಿತ್ರ ದೊರೆಯುತ್ತದೆ. ಮಾರ್ಕಸ್ ಎರಿಕ್ಸನ್ ತಂಡ 2014ರಲ್ಲಿ ಎಲ್ಲ ಸಾಗರಗಳ ಮೇಲ್ಮೈಗೂ ಸೇರಿಸಿ ಕೊಟ್ಟ ಅಂದಾಜು ಸುಮಾರು 2.69 ಲಕ್ಷ ಟನ್ ಮಾತ್ರ. ವರ್ಷವರ್ಷವೂ ಒಳಸೇರುವುದರ ಮುಂದೆ ಇದು ಬಹಳ ಸಣ್ಣ ಪಾಲು. ಉಳಿದದ್ದು ತಳಕ್ಕಿಳಿದಿದೆ, ಕಣಗಳಾಗಿ ಒಡೆದಿದೆ, ಇಲ್ಲವೇ ದಡಕ್ಕೆ ಮರಳಿದೆ. ಈ ಮೂರನೆಯ ದಾರಿ ಕರ್ನಾಟಕದಂಥ ಮುಂಗಾರು ಕರಾವಳಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಪ್ಲಾಸ್ಟಿಕ್ ಯಾವಾಗ ಕಡಲಿಗಿಳಿಯುತ್ತದೆ, ಯಾವಾಗ ಮರಳುತ್ತದೆ ಎಂಬುದನ್ನು ಇಲ್ಲಿ ಬಹುಮಟ್ಟಿಗೆ ಮಳೆಗಾಲವೇ ನಿರ್ಧರಿಸುತ್ತದೆ. ಆದ್ದರಿಂದ ತಡೆಯ ಕ್ರಮಗಳೂ ಮಳೆಗಾಲದ ಲೆಕ್ಕಕ್ಕೆ ಹೊಂದಿಕೊಂಡಿರಬೇಕು ಎಂಬುದು ಈ ಲೇಖನದ ಪ್ರತಿಪಾದನೆ.

2. ತೇಲುವುದು, ಮುಳುಗುವುದು, ಒಡೆಯುವುದು

ಪ್ಲಾಸ್ಟಿಕ್ ಎಂಬ ಒಂದೇ ಹೆಸರಿನಲ್ಲಿ ಬೇರೆ ಬೇರೆ ಗುಣದ ಹಲವು ವಸ್ತುಗಳಿವೆ. ಸಮುದ್ರದ ನೀರಿನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 1.025 ಗ್ರಾಂ. ಕೈಚೀಲ, ಹಾಲಿನ ತೊಟ್ಟೆಗಳಲ್ಲಿರುವ ಪಾಲಿಥೀನ್ (0.91–0.97) ಮತ್ತು ಮುಚ್ಚಳ, ಪ್ಲಾಸ್ಟಿಕ್ ಗೋಣಿಚೀಲಗಳಲ್ಲಿರುವ ಪಾಲಿಪ್ರೊಪಿಲೀನ್ (ಸುಮಾರು 0.90) ಅದಕ್ಕಿಂತ ಹಗುರ, ಅವು ತೇಲುತ್ತವೆ. ನೈಲಾನ್ (1.14) ಮತ್ತು ನೀರಿನ ಬಾಟಲಿಯ ಪಿಇಟಿ (1.38) ಭಾರ, ಅವು ಮುಳುಗುತ್ತವೆ. ಹೀಗಾಗಿ ಒಂದೇ ಬಾಟಲಿಯ ಎರಡು ಭಾಗಗಳು ಎರಡು ಕಡೆ ಹೋಗುತ್ತವೆ: ಮುಚ್ಚಳ ದಡಕ್ಕೆ ಬಂದು ಬೀಳುತ್ತದೆ, ನೀರು ತುಂಬಿದ ಬಾಟಲಿ ತಳ ಸೇರುತ್ತದೆ. ಹಗುರವಾದ ತುಂಡುಗಳೂ ಸದಾ ತೇಲುತ್ತಿರುವುದಿಲ್ಲ. ಪಾಚಿ, ಸೂಕ್ಷ್ಮಜೀವಿ, ಸಣ್ಣ ಚಿಪ್ಪುಗಳು ಮೇಲೆ ಬೆಳೆದು ತೂಕ ಹೆಚ್ಚಿದಾಗ ಅವೂ ಕೆಳಗಿಳಿಯುತ್ತವೆ. ಪೆಸಿಫಿಕ್ ಸಾಗರದ ಮರಿಯಾನಾ ಕಂದಕದಲ್ಲಿ, ಸುಮಾರು 10,900 ಮೀಟರ್ ಆಳದಲ್ಲಿ, ಜಪಾನಿನ ಸಂಶೋಧಕರು 1998ರಲ್ಲಿ ಪ್ಲಾಸ್ಟಿಕ್ ಚೀಲವೊಂದನ್ನು ದಾಖಲಿಸಿದ್ದರು.

ಬಿಸಿಲಿನ ನೇರಳಾತೀತ ಕಿರಣಗಳು ಪಾಲಿಮರ್ ಸರಪಳಿಗಳನ್ನು ಕಡಿಯುತ್ತವೆ. ಆಮ್ಲಜನಕ ಸೇರಿ ವಸ್ತು ಪೆಡಸಾಗುತ್ತದೆ. ಅಲೆ ಮತ್ತು ಮರಳಿನ ತಿಕ್ಕಾಟ ಅದನ್ನು ಪುಡಿಮಾಡುತ್ತದೆ. ಐದು ಮಿಲಿಮೀಟರಿಗಿಂತ ಚಿಕ್ಕದಾದ ಇಂಥ ಕಣಗಳಿಗೆ ‘ಮೈಕ್ರೋಪ್ಲಾಸ್ಟಿಕ್’ ಎಂಬ ಹೆಸರು ರೂಢಿಗೆ ಬಂದದ್ದು ಬ್ರಿಟನ್ನಿನ ರಿಚರ್ಡ್ ಥಾಂಪ್ಸನ್ 2004ರಲ್ಲಿ ಪ್ರಕಟಿಸಿದ ಸಂಶೋಧನೆಯಿಂದ. ಈ ಕ್ರಿಯೆ ಕತ್ತಲೆಯ, ತಣ್ಣನೆಯ ಕಡಲಾಳದಲ್ಲಿ ಬಹಳ ನಿಧಾನ. ಕಾದ ಮರಳ ಮೇಲೆ ಬೇಗ. ದಡದಲ್ಲಿ ಬಿದ್ದ ಚೀಲವನ್ನು ಇಡಿಯಾಗಿ ಎತ್ತಬಹುದು. ಒಂದೆರಡು ಬೇಸಿಗೆ ಕಳೆದು ಪುಡಿಯಾದ ಮೇಲೆ ಅದನ್ನು ಮರಳಿನಿಂದ ಬೇರ್ಪಡಿಸುವುದು ಅಸಾಧ್ಯಕ್ಕೆ ಹತ್ತಿರ.

3. ಅರಬ್ಬೀ ಸಮುದ್ರದ ವಿಶೇಷ ಸ್ಥಿತಿ

ಉತ್ತರ ಪೆಸಿಫಿಕ್‌ನಲ್ಲಿ ಸುತ್ತುಪ್ರವಾಹಗಳು ತೇಲುವ ಕಸವನ್ನು ಕರಾವಳಿಯಿಂದ ದೂರದ ನಡುಗಡಲಿಗೆ ಕೊಂಡೊಯ್ದು ಸೇರಿಸುತ್ತವೆ. 1997ರಲ್ಲಿ ನಾವಿಕ ಚಾರ್ಲ್ಸ್ ಮೂರ್ ಕಂಡು ಜಗತ್ತಿನ ಗಮನಕ್ಕೆ ತಂದ ಕಸದ ಹರಹು ಅಂಥದ್ದು. 2018ರ ಒಂದು ಅಧ್ಯಯನ ಅದರ ವಿಸ್ತಾರವನ್ನು 16 ಲಕ್ಷ ಚದರ ಕಿ.ಮೀ., ತೂಕವನ್ನು ಸುಮಾರು 79,000 ಟನ್ ಎಂದು ಅಂದಾಜಿಸಿತು, ಅದರಲ್ಲಿ ಶೇ. 46 ಮೀನುಬಲೆಗಳು.

ಅರಬ್ಬೀ ಸಮುದ್ರದಲ್ಲಿ ಇಂಥ ಶಾಶ್ವತ ಸುತ್ತುಪ್ರವಾಹ ಇಲ್ಲ. ಉತ್ತರದಲ್ಲಿ ಏಷ್ಯಾ ಖಂಡ ಅಡ್ಡವಾಗಿದೆ. ಗಾಳಿ ಮತ್ತು ಪ್ರವಾಹ ಎರಡೂ ಋತುವಿಗೆ ತಕ್ಕಂತೆ ದಿಕ್ಕು ಬದಲಿಸುತ್ತವೆ. ಮುಂಗಾರಿನಲ್ಲಿ ಪಶ್ಚಿಮ ಕರಾವಳಿಯ ಪ್ರವಾಹ ತೆಂಕಣಕ್ಕೆ ಹರಿಯುತ್ತದೆ, ಚಳಿಗಾಲದಲ್ಲಿ ಬಡಗಣಕ್ಕೆ. ಮುಂಗಾರಿನ ಪಡುವಣ ಗಾಳಿ ತೇಲುವ ವಸ್ತುಗಳನ್ನು ದಡದತ್ತ ತಳ್ಳುತ್ತದೆ. ಹೀಗಾಗಿ ಈ ಕಡಲಿಗೆ ಬಿದ್ದ ತೇಲುಪ್ಲಾಸ್ಟಿಕ್ಕಿನ ಹೆಚ್ಚಿನ ಭಾಗ ಕೊನೆಗೆ ನಿಲ್ಲುವುದು ಮರಳದಂಡೆ, ಅಳಿವೆ ಮತ್ತು ಕಾಂಡ್ಲಾ ಕಾಡುಗಳಲ್ಲಿ. ಮಳೆಗಾಲದ ಅಬ್ಬರದ ದಿನಗಳಲ್ಲಿ ಮಲ್ಪೆ, ಪಣಂಬೂರು, ಉಳ್ಳಾಲದ ಕಿನಾರೆಗಳಲ್ಲಿ ರಾಶಿಬೀಳುವ ಕಸ ಇದರ ಪ್ರತ್ಯಕ್ಷ ರೂಪ.

2025ರ ಮೇ 25ರಂದು ಕೊಚ್ಚಿಯ ಹೊರಗಡಲಲ್ಲಿ ‘ಎಂಎಸ್‌ಸಿ ಎಲ್ಸಾ 3’ ಹಡಗು 640 ಕಂಟೇನರುಗಳೊಂದಿಗೆ ಮುಳುಗಿದಾಗ ಈ ಚಲನೆ ಎಲ್ಲರ ಕಣ್ಣಿಗೆ ಬಿತ್ತು. ಮುಂಗಾರು ಆಗಷ್ಟೇ ಕಾಲಿಟ್ಟಿತ್ತು. ಹಡಗಿನಲ್ಲಿದ್ದ, ಪ್ಲಾಸ್ಟಿಕ್ ತಯಾರಿಕೆಯ ಕಚ್ಚಾಸಾಮಗ್ರಿಯಾದ ಬಿಳಿಯ ಕಾಳುಗಳು ಕೆಲವೇ ದಿನಗಳಲ್ಲಿ ತೆಂಕಣದ ತಿರುವನಂತಪುರದ ದಡಗಳಿಗೆ ಬಂದು ಹರಡಿಕೊಂಡವು. 2021ರಲ್ಲಿ ಕೊಲಂಬೊ ಬಳಿ ‘ಎಕ್ಸ್‌ಪ್ರೆಸ್ ಪರ್ಲ್’ ಹಡಗು ಸುಟ್ಟು ಮುಳುಗಿದಾಗ ಇಂಥ ಸುಮಾರು 1,680 ಟನ್ ಕಾಳು ಚೆಲ್ಲಿ ಶ್ರೀಲಂಕೆಯ ಮೀನುಗಾರರ ಬದುಕನ್ನು ಕಂಗೆಡಿಸಿತ್ತು.

4. ಕಿರುನದಿಗಳ ಪಾತ್ರ

ಕೆಲವೇ ಮಹಾನದಿಗಳು ಕಡಲ ಪ್ಲಾಸ್ಟಿಕ್ಕಿಗೆ ಮುಖ್ಯ ಕಾರಣ ಎಂಬ ಅಭಿಪ್ರಾಯ 2017ರ ಸುಮಾರಿಗೆ ಬಲವಾಗಿತ್ತು. ಲೂರೆನ್ಸ್ ಮೇಯರ್ ಮತ್ತು ಸಂಗಡಿಗರ 2021ರ ಅಧ್ಯಯನ ಇದನ್ನು ತಿದ್ದಿತು. ನದಿಗಳ ಮೂಲಕ ವರ್ಷಕ್ಕೆ 8 ಲಕ್ಷದಿಂದ 27 ಲಕ್ಷ ಟನ್ ಪ್ಲಾಸ್ಟಿಕ್ ಕಡಲಿಗಿಳಿಯುತ್ತದೆ, ಅದರ ಶೇ. 80 ಬರುವುದು ಸಾವಿರಕ್ಕೂ ಹೆಚ್ಚು ನದಿಗಳಿಂದ ಎಂದು ಅದು ತೋರಿಸಿತು. ಮಳೆ ಹೆಚ್ಚು, ಇಳಿಜಾರು ಕಡಿದು, ಊರು ಕಡಲಿಗೆ ಹತ್ತಿರವಾಗಿರುವಲ್ಲಿ ಪುಟ್ಟ ನದಿಯೂ ದೊಡ್ಡ ಹೊರೆ ಹೊರುತ್ತದೆ.

ಕರ್ನಾಟಕದ ಪಡುವಣ ನದಿಗಳಿಗೆ ಈ ವಿವರಣೆ ಚೆನ್ನಾಗಿ ಒಪ್ಪುತ್ತದೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ವಾರಾಹಿ, ಸೌಪರ್ಣಿಕಾ, ಸೀತಾ, ಸ್ವರ್ಣಾ, ಫಲ್ಗುಣಿ, ನೇತ್ರಾವತಿ ಮೊದಲಾದವು ಘಟ್ಟದಿಂದ ಹೊರಟು ಕಡಲು ಸೇರುವ ದಾರಿ ಚಿಕ್ಕದು. ನೇತ್ರಾವತಿಯದು ಸುಮಾರು 100 ಕಿ.ಮೀ. ಕರಾವಳಿಯ ವಾರ್ಷಿಕ ಸರಾಸರಿ ಮಳೆ 3,000 ಮಿ.ಮೀ. ಮೀರುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುತ್ತದೆ. ಅಕ್ಟೋಬರ್‌ನಿಂದ ಮೇ ತನಕ ರಸ್ತೆಬದಿ, ಚರಂಡಿ, ತೋಡುಗಳಲ್ಲಿ ಕೂಡಿಬಿದ್ದ ಕಸವನ್ನು ಮೊದಲ ದೊಡ್ಡ ಮಳೆಗಳು ಒಮ್ಮೆಗೇ ಬಾಚಿಕೊಂಡು ಅಳಿವೆಗೆ ಒಯ್ಯುತ್ತವೆ. ಕಸದ ಗುಡ್ಡಗಳೂ ಮಳೆಗೆ ಸುರಕ್ಷಿತವಲ್ಲ. 2019ರ ಆಗಸ್ಟ್‌ನಲ್ಲಿ ಮಂಗಳೂರಿನ ಪಚ್ಚನಾಡಿಯ ತ್ಯಾಜ್ಯರಾಶಿ ಕುಸಿದು ತಗ್ಗಿನ ಮಂದಾರ ಪ್ರದೇಶದ ಮನೆ, ತೋಟಗಳನ್ನು ಮುಚ್ಚಿತು.

ಯಾತ್ರಾಸ್ಥಳಗಳದು ಬೇರೆ ಬಗೆಯ ಹೊರೆ. ಸ್ನಾನಘಟ್ಟಗಳಲ್ಲಿ ಬಿಡುವ ಬಟ್ಟೆಗಳಲ್ಲಿ ಪಾಲಿಯೆಸ್ಟರ್ ಬೆರೆತಿರುತ್ತದೆ. ಶಾಂಪೂವಿನ ಪುಟ್ಟ ಸ್ಯಾಶೆ ಹಲವು ಪದರಗಳನ್ನು ಬೆಸೆದು ಮಾಡಿದ್ದಾದ್ದರಿಂದ ಗುಜರಿಯವರೂ ಅದನ್ನು ಕೊಳ್ಳುವುದಿಲ್ಲ. ತೀರ್ಥಕ್ಷೇತ್ರಗಳ ನದಿ, ಕಲ್ಯಾಣಿಗಳಿಂದ 500 ಮೀಟರ್ ಒಳಗೆ ಸಾಬೂನು, ಶಾಂಪೂ ಮಾರಾಟವನ್ನು ತಡೆಯುವಂತೆ ರಾಜ್ಯದ ಪರಿಸರ ಸಚಿವರು 2025ರ ಮಾರ್ಚ್‌ನಲ್ಲಿ ನೀಡಿದ ಸೂಚನೆಗೆ ಈ ಹಿನ್ನೆಲೆಯಿದೆ.

5. ಜೀವಿಗಳ ಮೇಲಿನ ಪರಿಣಾಮ

ಹಿಂದೆ ಹತ್ತಿ, ಸೆಣಬಿನ ನೂಲಿನಿಂದ ಹೆಣೆಯುತ್ತಿದ್ದ ಬಲೆಗಳ ಜಾಗಕ್ಕೆ ನೈಲಾನ್ ಮತ್ತು ಪಾಲಿಥೀನ್ ಬಂದಿವೆ. ನೂಲಿನ ಬಲೆ ಕಳೆದುಹೋದರೆ ಕೊಳೆತುಹೋಗುತ್ತಿತ್ತು. ಇಂದಿನ ಬಲೆ ತುಂಡಾಗಿ ಕಡಲಲ್ಲಿ ಉಳಿದರೆ, ಎಳೆಯುವವರಿಲ್ಲದಿದ್ದರೂ ವರ್ಷಗಟ್ಟಲೆ ಮೀನು, ಕಡಲಾಮೆಗಳನ್ನು ಹಿಡಿದು ಕೊಲ್ಲುತ್ತಲೇ ಇರುತ್ತದೆ. ಹೊನ್ನಾವರ, ಕುಂದಾಪುರದ ದಡಗಳಿಗೆ ಮೊಟ್ಟೆಯಿಡಲು ಬರುವ ಆಲಿವ್ ರಿಡ್ಲೆ ಆಮೆಗಳಿಗೆ ಇದು ನೇರ ಅಪಾಯ. ಕಾಂಡ್ಲಾ ಗಿಡಗಳ ಉಸಿರುಬೇರುಗಳ ಮೇಲೆ ಪ್ಲಾಸ್ಟಿಕ್ ಹಾಳೆ ಹೊದ್ದುಕೊಂಡರೆ ಬೇರಿಗೆ ಗಾಳಿ ಸಿಗದೆ ಗಿಡ ಸೊರಗುತ್ತದೆ.

ಬೂತಾಯಿ, ಬಂಗುಡೆಗಳು ನೀರನ್ನು ಸೋಸಿ ಪ್ಲವಕಗಳನ್ನು ತಿನ್ನುವ ಮೀನುಗಳು. ಮೈಕ್ರೋಪ್ಲಾಸ್ಟಿಕ್ ಕಣಗಳ ಗಾತ್ರ ಆ ಆಹಾರದ ಗಾತ್ರವೇ ಆಗಿರುವುದರಿಂದ ಅವೂ ಹೊಟ್ಟೆ ಸೇರುತ್ತವೆ. ಮರುವಾಯಿ, ಬಳಚುಗಳಂಥ ಚಿಪ್ಪುಜೀವಿಗಳನ್ನು ಕರುಳು ಸಮೇತ ತಿನ್ನುವುದರಿಂದ ಕಣಗಳು ಮನುಷ್ಯರ ಊಟಕ್ಕೂ ಬರುತ್ತವೆ. ಪ್ಲಾಸ್ಟಿಕ್ ಕಣಗಳು ನೀರಿನಲ್ಲಿರುವ ಪಿಸಿಬಿ, ಡಿಡಿಇಯಂಥ ವಿಷಗಳನ್ನು ತಮ್ಮ ಮೈಗೆ ಹೀರಿಕೊಳ್ಳುತ್ತವೆ ಎಂಬುದನ್ನು ಜಪಾನಿನ ಹಿದೆಶಿಗೆ ತಕಾದಾ ಮೊದಲಾದವರು 2001ರಲ್ಲೇ ತೋರಿಸಿದ್ದರು. 2022ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು 22 ರಕ್ತದಾನಿಗಳಲ್ಲಿ 17 ಮಂದಿಯ ರಕ್ತದಲ್ಲಿ ಪ್ಲಾಸ್ಟಿಕ್ ಕಣಗಳನ್ನು ಗುರುತಿಸಿದರು.

6. ಕಾನೂನಿನ ಚೌಕಟ್ಟು

ಹಡಗುಗಳಿಂದ ಪ್ಲಾಸ್ಟಿಕ್ ಎಸೆಯುವುದನ್ನು ಹಡಗು ಮಾಲಿನ್ಯ ತಡೆಯ ಅಂತರರಾಷ್ಟ್ರೀಯ ಮಾರ್‌ಪೋಲ್ ಒಪ್ಪಂದದ ಐದನೆಯ ಅನುಬಂಧ 1988ರ ಕೊನೆಯಿಂದಲೇ ನಿಷೇಧಿಸಿದೆ. ನೆಲದ ಮೂಲಗಳನ್ನೂ ಒಳಗೊಳ್ಳುವ ಜಾಗತಿಕ ಒಪ್ಪಂದಕ್ಕಾಗಿ 2022ರ ಮಾರ್ಚ್‌ನಲ್ಲಿ ನೈರೋಬಿಯ ವಿಶ್ವಸಂಸ್ಥೆ ಪರಿಸರ ಸಭೆ ನಿರ್ಣಯ ಕೈಗೊಂಡಿತು. 2024ರ ಬುಸಾನ್ ಮತ್ತು 2025ರ ಜಿನೀವಾ ಮಾತುಕತೆಗಳು ಒಮ್ಮತವಿಲ್ಲದೆ ಮುಗಿದವು. ಪ್ಲಾಸ್ಟಿಕ್ ಉತ್ಪಾದನೆಗೇ ಮಿತಿ ಹಾಕಬೇಕೇ ಎಂಬುದು ಭಿನ್ನಾಭಿಪ್ರಾಯದ ತಿರುಳು.

ಕರ್ನಾಟಕ ಸರ್ಕಾರ 2016ರ ಮಾರ್ಚ್‌ನಲ್ಲಿ, ದಪ್ಪ ಎಷ್ಟೇ ಇರಲಿ, ಪ್ಲಾಸ್ಟಿಕ್ ಕೈಚೀಲ, ಫ್ಲೆಕ್ಸ್, ತಟ್ಟೆ, ಲೋಟ, ಚಮಚಗಳನ್ನು ನಿಷೇಧಿಸಿತು. ಕೇಂದ್ರದ ನಿಯಮಗಳು 2022ರ ಜುಲೈ 1ರಿಂದ ಆಯ್ದ ಏಕಬಳಕೆ ವಸ್ತುಗಳನ್ನು ನಿಷೇಧಿಸಿದವು. ಅದೇ ವರ್ಷದ ಡಿಸೆಂಬರ್ 31ರಿಂದ ಕೈಚೀಲದ ಕನಿಷ್ಠ ದಪ್ಪವನ್ನು 120 ಮೈಕ್ರಾನಿಗೆ ಏರಿಸಿದವು. ಹೊದಿಕೆಯ ಪ್ಲಾಸ್ಟಿಕ್ಕನ್ನು ಮರಳಿ ಸಂಗ್ರಹಿಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿದವು. ಆದರೆ ಸ್ಯಾಶೆ, ಚಿಪ್ಸ್ ಪೊಟ್ಟಣ, ಗುಟ್ಕಾ ಚೀಟಿಗಳಂಥ ಬಹುಪದರದ ಹೊದಿಕೆಗಳು ಏಕಬಳಕೆ ನಿಷೇಧದ ಪಟ್ಟಿಯ ಹೊರಗೇ ಉಳಿದಿವೆ. ತೋಡಿನಲ್ಲಿ ಹರಿದುಹೋಗುವ ಹಗುರ ಕಸದಲ್ಲಿ ಇವು ಎದ್ದುಕಾಣುತ್ತವೆ.

7. ತಡೆಯ ಕ್ರಮಗಳು

ಮೊದಲನೆಯದು ಬಳಕೆಯನ್ನೇ ಇಳಿಸುವುದು. ಐರ್ಲೆಂಡ್ 2002ರಲ್ಲಿ ಪ್ರತಿ ಪ್ಲಾಸ್ಟಿಕ್ ಚೀಲಕ್ಕೆ 15 ಸೆಂಟ್ ಸುಂಕ ಹಾಕಿದಾಗ ಚೀಲದ ಬಳಕೆ ಶೇ. 90ಕ್ಕೂ ಹೆಚ್ಚು ಕುಸಿಯಿತು. ಬೆಲೆಯ ಮೂಲಕ ಬರುವ ತಡೆ ಪ್ರತಿ ಖರೀದಿಯಲ್ಲೂ ಕೆಲಸ ಮಾಡುತ್ತದೆ. ‘ಜೈವಿಕ ಪ್ಲಾಸ್ಟಿಕ್’ ಎಂದು ಮಾರಾಟವಾಗುವ ಪಿಎಲ್‌ಎ ಇದಕ್ಕೆ ಪರ್ಯಾಯವಲ್ಲ. ಅದು ಕೊಳೆಯಲು ಸುಮಾರು 58 ಡಿಗ್ರಿ ಶಾಖದ ಕೈಗಾರಿಕಾ ಗೊಬ್ಬರಘಟಕ ಬೇಕು, ಕಡಲಿನಲ್ಲಿ ಅದು ಬೇರೆ ಪ್ಲಾಸ್ಟಿಕ್ಕಿನಂತೆಯೇ ಉಳಿಯುತ್ತದೆ.

ಎರಡನೆಯದು ಹಳ್ಳಿಯ ಮಟ್ಟದ ಸಂಗ್ರಹ. ನದಿಗಳ ಉದ್ದಕ್ಕೂ ಇರುವುದು ಗ್ರಾಮ ಪಂಚಾಯಿತಿಗಳಾದ್ದರಿಂದ ನಗರದ ವ್ಯವಸ್ಥೆಯೊಂದೇ ಸಾಲದು. ಕುಂದಾಪುರ ಸೀಮೆಯ ವಂಡ್ಸೆ ಪಂಚಾಯಿತಿ ಮನೆಮನೆಯಿಂದ ಹಸಿ ಕಸ, ಒಣ ಕಸಗಳನ್ನು ಬೇರೆಯಾಗಿ ಪಡೆದು ವಿಂಗಡಿಸುವ ಕೆಲಸಕ್ಕೆ ಹೆಸರಾಯಿತು. ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ ಸುತ್ತಲಿನ ಪಂಚಾಯಿತಿಗಳ ಒಣ ಕಸಕ್ಕಾಗಿ ದಿನಕ್ಕೆ 10 ಟನ್ ಸಾಮರ್ಥ್ಯದ, ಮರುಬಳಕೆಯ ವಸ್ತುಗಳನ್ನು ವಿಂಗಡಿಸಿ ತೆಗೆಯುವ ಎಂಆರ್‌ಎಫ್ ಘಟಕ ನಡೆಯುತ್ತಿದೆ. ಇಂಥ ಘಟಕಗಳಲ್ಲಿ ದುಡಿಯುವ ಮಹಿಳೆಯರಿಗೆ ತಪ್ಪದೆ ಸಂಬಳ, ಕೈಗವಸು, ಆರೋಗ್ಯ ತಪಾಸಣೆ ಸಿಗಬೇಕಾದದ್ದು ವ್ಯವಸ್ಥೆ ಬಾಳಲು ಬೇಕಾದ ಮೂಲ ಷರತ್ತು.

ಮೂರನೆಯದು ಹರಿವಿನಲ್ಲಿ ತಡೆಯುವುದು. ಬೆಂಗಳೂರಿನ ಆಲ್ಫಾಮರ್ಸ್ ಸಂಸ್ಥೆ ಚೆನ್ನೈನ ಕೂವಂ ನದಿಗೆ ಓರೆಯಾಗಿ ಹಾಕಿದ ಉಕ್ಕಿನ ಜಾಲರಿಯ ತೇಲುತಡೆಯಲ್ಲಿ ಹರಿವೇ ಕಸವನ್ನು ದಡಕ್ಕೆ ಒಯ್ದು ಸೇರಿಸುತ್ತದೆ. ಮುಂಗಾರಿನ ನೆರೆಯಲ್ಲಿ ಮರದ ದಿಮ್ಮಿಗಳು ಉರುಳಿಬರುವ ನೇತ್ರಾವತಿಯಂಥ ನದಿಗೆ ಅಡ್ಡಲಾಗಿ ಇದನ್ನು ನಿಲ್ಲಿಸುವುದು ಕಷ್ಟ. ಪಟ್ಟಣದೊಳಗಿನ ತೋಡು, ಚರಂಡಿಗಳಿಗೆ ಅದು ತಕ್ಕ ಸಾಧನ. ಕರಾವಳಿಯಲ್ಲಿ ಆಗಲೇ ಇರುವ ಕಿಂಡಿ ಅಣೆಕಟ್ಟುಗಳೂ ಇದಕ್ಕೆ ಒದಗುತ್ತವೆ. ಬೇಸಿಗೆಯಲ್ಲಿ ಕಿಂಡಿಗಳಿಗೆ ಹಾಕಿದ ಹಲಗೆಯ ಹಿಂದೆ ನಿಂತ ನೀರಿನಲ್ಲಿ ಕಸವೂ ನಿಲ್ಲುತ್ತದೆ. ಮಳೆಗೆ ಮುನ್ನ ಹಲಗೆ ತೆಗೆಯುವ ಮೊದಲು ಅದನ್ನು ಎತ್ತುವುದನ್ನು ಕಡ್ಡಾಯಗೊಳಿಸಿದರೆ ಮೊದಲ ನೆರೆಯ ಹೊರೆ ಇಳಿಯುತ್ತದೆ.

ನಾಲ್ಕನೆಯದು ಬಂದರುಗಳಲ್ಲಿ. ಕೇರಳದ ಕೊಲ್ಲಂನ ಶಕ್ತಿಕುಳಂಗರ ಬಂದರಿನಲ್ಲಿ 2017ರಲ್ಲಿ ಆರಂಭವಾದ ‘ಶುಚಿತ್ವ ಸಾಗರಂ’ ಯೋಜನೆಯಡಿ ಮೀನುಗಾರರು ಬಲೆಗೆ ಸಿಕ್ಕ ಪ್ಲಾಸ್ಟಿಕ್ಕನ್ನು ದಡಕ್ಕೆ ತಂದರು. ಅದನ್ನು ಪುಡಿಮಾಡಿ ರಸ್ತೆಯ ಡಾಂಬರಿಗೆ ಬೆರೆಸಲಾಯಿತು. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ರಜೆ. ದೋಣಿಗಳು ದಕ್ಕೆಯಲ್ಲಿ ನಿಂತು ಬಲೆಗಳ ದುರಸ್ತಿ ನಡೆಯುವ ಈ 61 ದಿನಗಳು ಹಳೆಯ ಬಲೆ, ಹಗ್ಗಗಳನ್ನು ತೂಕಕ್ಕೆ ಹಣಕೊಟ್ಟು ಹಿಂಪಡೆಯಲು ಅತ್ಯಂತ ಅನುಕೂಲದ ಸಮಯ.

ಕಡಲ ದಂಡೆಯ ಶುಚಿಗೊಳಿಕೆ ಕೊನೆಯ ಹಂತ. ಆದರೂ ಅದರ ಮಹತ್ವ ಕಡಿಮೆಯೇನಲ್ಲ. ದಡಕ್ಕೆ ಬಂದ ಪ್ಲಾಸ್ಟಿಕ್ಕನ್ನು ಬಿಸಿಲು ಪುಡಿಮಾಡುವ ಮೊದಲು ಎತ್ತುವ ಅವಕಾಶ ಅದೊಂದೇ. ಸೆಪ್ಟೆಂಬರ್‌ನ ಒಂದು ಶುಚಿಗೊಳಿಕೆ ದಿನಾಚರಣೆಗೆ ಸೀಮಿತವಾಗದೆ, ಮುಂಗಾರಿನ ಪ್ರತಿ ಅಬ್ಬರದ ಬೆನ್ನಿಗೇ ಅದು ನಡೆಯಬೇಕು.

8. ಸಮಾರೋಪ

ಒಂದೇ ಕ್ರಮ ಸಾಲದು. ಈಗಿರುವ ಕ್ರಮಗಳನ್ನೆಲ್ಲ ಒಟ್ಟಿಗೆ ನಡೆಸಿದರೆ 2040ರ ಹೊತ್ತಿಗೆ ಕಡಲಿಗಿಳಿಯುವ ಪ್ಲಾಸ್ಟಿಕ್ಕನ್ನು ಶೇ. 80ರಷ್ಟು ತಗ್ಗಿಸಬಹುದು ಎಂದು ಪ್ಯೂ ಸಂಸ್ಥೆಯ 2020ರ ವರದಿ ಲೆಕ್ಕ ಕೊಟ್ಟಿದೆ. ಕರ್ನಾಟಕ ಕರಾವಳಿಗೆ ಆ ಒಟ್ಟುಗೂಡಿಕೆಯ ಕ್ರಮ ಹೀಗಿರುತ್ತದೆ: ವರ್ಷವಿಡೀ ಬಳಕೆಯ ಇಳಿಕೆ ಮತ್ತು ಮನೆಮನೆಯ ಸಂಗ್ರಹ, ಏಪ್ರಿಲ್, ಮೇ ತಿಂಗಳಲ್ಲಿ ಚರಂಡಿ, ತೋಡು, ಕಿಂಡಿ ಅಣೆಕಟ್ಟುಗಳ ಶುಚಿ, ಜೂನ್, ಜುಲೈಯಲ್ಲಿ ಬಲೆಗಳ ಹಿಂಪಡೆಕೆ, ಮಳೆಗಾಲದುದ್ದಕ್ಕೂ ದಂಡೆಯ ಕಾವಲು. ಮಳೆಗೆ ಮೊದಲು ಘಟ್ಟದ ಬುಡದ ತೋಡಿನಲ್ಲಿ ಎತ್ತಿದ ಒಂದು ಚೀಲ ಇಡಿಯಾಗಿಯೇ ಕೈಗೆ ಸಿಗುತ್ತದೆ. ಅಳಿವೆ ದಾಟಿದ ಮೇಲೆ ಅದೇ ಚೀಲ ಸಾವಿರಾರು ಚೂರುಗಳಾಗಿ ಮರಳಬಹುದು.